ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಅಧ್ಯಾಪಕರ ಬೇಸಿಗೆ ತರಬೇತಿ

ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ (ಎಪಿ) ಬೇಸಿಗೆ ತರಬೇತಿ: ಅಮೆರಿಕ ಸಂಯುಕ್ತ ಸಂಸ್ಥಾನದ ಹೈಸ್ಕೂಲುಗಳಲ್ಲಿ ಕಾಲೇಜು ಮಟ್ಟದ ವಿಷಯಗಳನ್ನು ಬೋಧಿಸುವ ಅಧ್ಯಾಪಕರಿಗೆ ಬೇಸಿಗೆ ರಜೆಯಲ್ಲಿ ನಡೆಯುವ ವಿಷಯವಾರು ಕಮ್ಮಟ. ಕಾಲೇಜ್ ಬೋರ್ಡ್ ಎಂಬ ಲಾಭರಹಿತ ಸಂಸ್ಥೆಯ ಮನ್ನಣೆ ಪಡೆದ ವಿಶ್ವವಿದ್ಯಾಲಯಗಳು, ಕಾಲೇಜುಗಳು ಮತ್ತು ಕೆಲವು ಖಾಸಗಿ ಶಾಲೆಗಳು ಇದನ್ನು ನಡೆಸುತ್ತವೆ. ಸಾಮಾನ್ಯವಾಗಿ ನಾಲ್ಕೈದು ದಿನ, ಒಟ್ಟು 30 ಗಂಟೆಗಳ ತರಬೇತಿ ಇರುತ್ತದೆ. ಅಮೆರಿಕದ ಹೈಸ್ಕೂಲು 9ರಿಂದ 12ನೇ ತರಗತಿಯವರೆಗಿನದು. ಅದರ ಕೊನೆಯ ಎರಡು ವರ್ಷಗಳು ಕರ್ನಾಟಕದ ಪಿಯುಸಿ ವಯಸ್ಸಿಗೆ ಸಮ. ಈ ವಯಸ್ಸಿನಲ್ಲೇ ಹೆಚ್ಚಿನ ವಿದ್ಯಾರ್ಥಿಗಳು ಎಪಿ ವಿಷಯಗಳನ್ನು ಓದಿ ಮೇ ತಿಂಗಳಲ್ಲಿ ಪರೀಕ್ಷೆ ಬರೆಯುತ್ತಾರೆ. ಪರೀಕ್ಷೆಯ ಫಲಿತಾಂಶ 1ರಿಂದ 5ರ ಶ್ರೇಣಿಯಲ್ಲಿರುತ್ತದೆ. 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅನೇಕ ಕಾಲೇಜುಗಳು ಆ ವಿಷಯಕ್ಕೆ ಕ್ರೆಡಿಟ್ ಕೊಡುತ್ತವೆ, ಇಲ್ಲವೇ ಮುಂದಿನ ಹಂತದ ತರಗತಿಗೆ ನೇರವಾಗಿ ಸೇರಿಸಿಕೊಳ್ಳುತ್ತವೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಶಿಕ್ಷಣ ವಲಯವನ್ನು ಕಾಡಿದ ಪ್ರಶ್ನೆಗಳಲ್ಲಿ ಒಂದು, ಹೈಸ್ಕೂಲಿಗೂ ಕಾಲೇಜಿಗೂ ನಡುವೆ ಇದ್ದ ಕಂದರ. ಒಳ್ಳೆಯ ಶಾಲೆಗಳಲ್ಲಿ ಓದಿ ಬಂದವರು ಕಾಲೇಜಿನ ಮೊದಲ ವರ್ಷದಲ್ಲಿ ಕಲಿತದ್ದನ್ನೇ ಮತ್ತೆ ಕಲಿಯುತ್ತಿದ್ದರು. ಫೋರ್ಡ್ ಪ್ರತಿಷ್ಠಾನ ಸ್ಥಾಪಿಸಿದ ಶಿಕ್ಷಣಾಭಿವೃದ್ಧಿ ನಿಧಿಯ ನೆರವಿನಿಂದ 1950ರ ದಶಕದ ಆರಂಭದಲ್ಲಿ ಇದರ ಬಗ್ಗೆ ಎರಡು ಅಧ್ಯಯನಗಳು ನಡೆದವು. ಒಂದರಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳು ಹಾಗೂ ಆಂಡೋವರ್, ಎಕ್ಸಿಟರ್, ಲಾರೆನ್ಸ್‌ವಿಲ್ ಶಾಲೆಗಳು ಸೇರಿದ್ದವು. ಇನ್ನೊಂದಕ್ಕೆ ಕೆನ್ಯನ್ ಕಾಲೇಜಿನ ಅಧ್ಯಕ್ಷ ಗಾರ್ಡನ್ ಕೀತ್ ಚಾಮರ್ಸ್ ಮುಂದಾಳು. ಕೆನ್ಯನ್, ವಿಲಿಯಮ್ಸ್, ಕಾರ್ಲ್‌ಟನ್, ಓಬರ್ಲಿನ್, ಎಂಐಟಿ ಸೇರಿದಂತೆ 12 ಕಾಲೇಜುಗಳು ಈ ಎರಡನೆಯ ಅಧ್ಯಯನದಲ್ಲಿ ಪಾಲ್ಗೊಂಡವು. ಹೈಸ್ಕೂಲಿನಲ್ಲೇ ಕಾಲೇಜಿನ ಮೊದಲ ವರ್ಷದ ಪಾಠ ಹೇಳಬಹುದು, ಅದನ್ನು ಒಂದು ಸಾಮಾನ್ಯ ಪರೀಕ್ಷೆಯಿಂದ ಅಳೆಯಬಹುದು ಎಂಬುದು ಇದರ ನಿಲುವು. ಪ್ರಾಯೋಗಿಕ ಪರೀಕ್ಷೆಗಳು 1954ರಲ್ಲಿ ನಡೆದವು. 1955ರಲ್ಲಿ ಕಾರ್ಯಕ್ರಮದ ಹೊಣೆ ಕಾಲೇಜ್ ಬೋರ್ಡ್‌ಗೆ ಬಂತು. 1956ರ ಮೇ ತಿಂಗಳಲ್ಲಿ ಬೋರ್ಡ್ ನಡೆಸಿದ ಮೊದಲ ಪರೀಕ್ಷೆಗೆ 104 ಶಾಲೆಗಳ 1,229 ವಿದ್ಯಾರ್ಥಿಗಳು ಕುಳಿತರು.

ಆರಂಭದ ಸಮ್ಮೇಳನಗಳು

ಕಾಲೇಜಿನ ಪಾಠವನ್ನು ಹೈಸ್ಕೂಲಿನ ಅಧ್ಯಾಪಕರೇ ಹೇಳಬೇಕು ಎಂದಾದ ಮೇಲೆ ಅವರು ಏನು ಹೇಳಬೇಕು, ಎಷ್ಟು ಆಳಕ್ಕೆ ಇಳಿಯಬೇಕು ಎಂಬ ಪ್ರಶ್ನೆ ಎದ್ದಿತು. ಕಾರ್ಯಕ್ರಮದ ಮೊದಲ ನಿರ್ದೇಶಕ, ವಿಲಿಯಮ್ಸ್ ಕಾಲೇಜಿನ ಇತಿಹಾಸ ಪ್ರಾಧ್ಯಾಪಕ ಚಾರ್ಲ್ಸ್ ಕೆಲ್ಲರ್ ಮತ್ತು ಅವರ ಸಹೋದ್ಯೋಗಿಗಳು ಹಿಡಿದ ದಾರಿ ಎಂದರೆ ಶಾಲಾ ಅಧ್ಯಾಪಕರನ್ನೂ ಕಾಲೇಜು ಪ್ರಾಧ್ಯಾಪಕರನ್ನೂ ವಿಷಯವಾರು ಸಮ್ಮೇಳನಗಳಲ್ಲಿ ಎದುರುಬದುರು ಕೂರಿಸುವುದು. ಆಗ ತರಬೇತಿ ಎಂಬ ಹೆಸರಿರಲಿಲ್ಲ. ಕಾಲೇಜಿನಲ್ಲಿ ಕ್ಯಾಲ್ಕುಲಸ್ ಎಲ್ಲಿಂದ ಆರಂಭವಾಗುತ್ತದೆ, ಸಾಹಿತ್ಯದ ಪ್ರಬಂಧದಲ್ಲಿ ಏನನ್ನು ಎದುರುನೋಡುತ್ತಾರೆ ಎಂಬ ಮಾತುಕತೆಯೇ ತರಬೇತಿಯ ಕೆಲಸ ಮಾಡುತ್ತಿತ್ತು. ಕೆಲ್ಲರ್ ಮುಂದೆ ಜಾನ್ ಹೇ ಫೆಲೋಸ್ ಕಾರ್ಯಕ್ರಮದ ಮುಖ್ಯಸ್ಥರಾಗಿ ಹೈಸ್ಕೂಲು ಅಧ್ಯಾಪಕರಿಗೆ ಮಾನವಿಕ ವಿಷಯಗಳ ಬೇಸಿಗೆ ಕಮ್ಮಟಗಳನ್ನು ನಡೆಸಿದರು.

ತರಬೇತಿಗೆ ಇನ್ನೊಂದು ಮೂಲ ಮೌಲ್ಯಮಾಪನ ಶಿಬಿರ. ಪ್ರತಿ ಜೂನ್‌ನಲ್ಲಿ ಕಾಲೇಜು ಮತ್ತು ಹೈಸ್ಕೂಲಿನ ಅಧ್ಯಾಪಕರು ಒಂದೆಡೆ ಸೇರಿ ವಿವರಣಾತ್ಮಕ ಉತ್ತರಗಳನ್ನು ತಿದ್ದುತ್ತಾರೆ. ಒಂದೇ ಪ್ರಶ್ನೆಯ ನೂರಾರು ಉತ್ತರಗಳನ್ನು ಒಂದೇ ಮಾನದಂಡದಲ್ಲಿ ಓದಿದವರಿಗೆ ಪರೀಕ್ಷೆ ಏನು ಕೇಳುತ್ತಿದೆ ಎಂಬುದು ಚೆನ್ನಾಗಿ ಅರ್ಥವಾಗುತ್ತದೆ. ಹೀಗೆ ತಿದ್ದಿ ಬಂದ ಅನುಭವಿಗಳಲ್ಲಿ ಹಲವರು ಮುಂದೆ ಬೇಸಿಗೆ ಕಮ್ಮಟಗಳ ಬೋಧಕರಾದರು.

ಸರ್ಕಾರಿ ಹಣದ ಕಾಲ

ಇದೇ ಅವಧಿಯಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ (ಎನ್‌ಎಸ್‌ಎಫ್) ಅಧ್ಯಾಪಕರ ಬೇಸಿಗೆ ಸಂಸ್ಥೆಗಳಿಗೆ ಹಣ ಕೊಡತೊಡಗಿತು. 1953ರಲ್ಲಿ ಕಾಲೇಜು ಅಧ್ಯಾಪಕರಿಗೆಂದು ಕೊಲೊರಾಡೊ ಮತ್ತು ಮಿನೆಸೊಟಾ ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಈ ಯೋಜನೆ ಮರುವರ್ಷ ಹೈಸ್ಕೂಲು ಅಧ್ಯಾಪಕರಿಗೂ ವಿಸ್ತರಿಸಿತು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಡಾಯಿಸಿದ ಮೇಲೆ ಹಣದ ಹರಿವು ಹೆಚ್ಚಿತು. ಕೆಲವೇ ವರ್ಷಗಳಲ್ಲಿ ಇಂಥ ಸಂಸ್ಥೆಗಳ ಸಂಖ್ಯೆ ನೂರಾರಾಯಿತು. ಅಧ್ಯಾಪಕರು ಆರೆಂಟು ವಾರ ವಿಶ್ವವಿದ್ಯಾಲಯದಲ್ಲಿ ತಂಗಿ ಭೌತಶಾಸ್ತ್ರ, ಗಣಿತ, ಜೀವಶಾಸ್ತ್ರ ಓದುತ್ತಿದ್ದರು. ಅವರಿಗೆ ಭತ್ಯೆ ಸಿಗುತ್ತಿತ್ತು, ಅವಲಂಬಿತರಿದ್ದರೆ ಅವರ ಲೆಕ್ಕದಲ್ಲಿ ಇನ್ನಷ್ಟು ಸೇರುತ್ತಿತ್ತು. ರಜೆಯಲ್ಲಿ ಬೇರೆ ಕೆಲಸ ಮಾಡಿ ಸಂಸಾರ ತೂಗಿಸುತ್ತಿದ್ದ ಅಧ್ಯಾಪಕರಿಗೆ ಇದು ದೊಡ್ಡ ಆಸರೆ. 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ವಿದೇಶಿ ಭಾಷೆಗಳ ಅಧ್ಯಾಪಕರಿಗೂ ಇಂಥ ಸಂಸ್ಥೆಗಳನ್ನು ತೆರೆಯಿತು. 1964ರ ತಿದ್ದುಪಡಿ ಇಂಗ್ಲಿಷ್, ಇತಿಹಾಸ ಮುಂತಾದ ವಿಷಯಗಳನ್ನೂ ಸೇರಿಸಿಕೊಂಡಿತು.

ಇವು ಎಪಿಗಾಗಿಯೇ ಹುಟ್ಟಿದವಲ್ಲ. ಆದರೆ ರಜೆ, ವಿಶ್ವವಿದ್ಯಾಲಯದ ಆವರಣ, ವಿಷಯ ಬಲ್ಲ ಬೋಧಕ, ಅಧ್ಯಾಪಕರೇ ತುಂಬಿದ ತರಗತಿ ಎಂಬ ಮಾದರಿ ಅಮೆರಿಕದಲ್ಲಿ ಬೇರೂರಿದ್ದು ಇವುಗಳಿಂದ. 1970ರ ದಶಕದ ನಡುವೆ ‘ಮ್ಯಾನ್: ಎ ಕೋರ್ಸ್ ಆಫ್ ಸ್ಟಡಿ’ ಎಂಬ ಸಮಾಜವಿಜ್ಞಾನ ಪಠ್ಯದ ಸುತ್ತ ಎದ್ದ ವಿವಾದದಿಂದ ಎನ್‌ಎಸ್‌ಎಫ್‌ನ ಶಾಲಾ ಶಿಕ್ಷಣ ಕಾರ್ಯಕ್ರಮಗಳಿಗೆ ಪೆಟ್ಟು ಬಿತ್ತು. 1980ರ ದಶಕದ ಆರಂಭದಲ್ಲಿ ಅನುದಾನ ಮತ್ತೂ ಕುಗ್ಗಿತು. ವಾರಗಟ್ಟಲೆಯ ತರಬೇತಿ ವಿರಳವಾಗಿ, ಶುಲ್ಕ ತೆತ್ತು ಸೇರುವ ಒಂದು ವಾರದ ಕಮ್ಮಟಗಳು ಮುಖ್ಯವಾದವು.

ವಿಸ್ತರಣೆ

ಮೊದಲಿಗೆ ಎಪಿ ಪ್ರತಿಷ್ಠಿತ ಶಾಲೆಗಳ ಸೊತ್ತಾಗಿತ್ತು. ಆ ಚಿತ್ರ ಬದಲಾದುದಕ್ಕೆ ಲಾಸ್ ಏಂಜಲೀಸ್‌ನ ಗಾರ್‌ಫೀಲ್ಡ್ ಹೈಸ್ಕೂಲಿನ ಪ್ರಕರಣವನ್ನು ಹೆಚ್ಚಾಗಿ ಉದಾಹರಿಸಲಾಗುತ್ತದೆ. ಬಡ ಲ್ಯಾಟಿನೊ ಮಕ್ಕಳೇ ಹೆಚ್ಚಿದ್ದ ಆ ಶಾಲೆಯಲ್ಲಿ ಬೊಲಿವಿಯಾ ಮೂಲದ ಅಧ್ಯಾಪಕ ಹೈಮೆ ಎಸ್ಕಲಾಂಟೆ ಎಪಿ ಕ್ಯಾಲ್ಕುಲಸ್ ಬೋಧಿಸುತ್ತಿದ್ದರು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ತೇರ್ಗಡೆಯಾದಾಗ 14 ಮಂದಿಯ ಮೇಲೆ ನಕಲಿನ ಶಂಕೆ ಬಂತು. ಅವರಲ್ಲಿ 12 ಮಂದಿ ಮತ್ತೆ ಪರೀಕ್ಷೆ ಬರೆದು ಎಲ್ಲರೂ ಪಾಸಾದರು. 1988ರಲ್ಲಿ ಇದು ‘ಸ್ಟ್ಯಾಂಡ್ ಅಂಡ್ ಡೆಲಿವರ್’ ಎಂಬ ಚಲನಚಿತ್ರವಾಯಿತು. ಯಾವ ಬಡಾವಣೆಯ ಮಕ್ಕಳಾದರೂ ಇದನ್ನು ಕಲಿಯಬಲ್ಲರು ಎಂಬ ಮಾತಿಗೆ ಬಲ ಬಂತು. ಎಪಿ ಬೋಧಿಸಿ ಅನುಭವವಿಲ್ಲದ ಶಾಲೆಗಳು ಈ ವಿಷಯಗಳನ್ನು ತೆರೆದಂತೆ ಬೇಸಿಗೆ ತರಬೇತಿಗೆ ಬೇಡಿಕೆಯೂ ಏರಿತು.

ಟೆಕ್ಸಸ್‌ನ ಡಲ್ಲಾಸ್‌ನಲ್ಲಿ 1996ರಲ್ಲಿ 10 ಶಾಲೆಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ದಾನಿಗಳ ಹಣದಿಂದ ಅಧ್ಯಾಪಕರಿಗೆ ತರಬೇತಿ ಕೊಡಿಸಿ, ವಿದ್ಯಾರ್ಥಿ ತೇರ್ಗಡೆಯಾದರೆ ಅಧ್ಯಾಪಕರಿಗೂ ವಿದ್ಯಾರ್ಥಿಗೂ ನಗದು ಬಹುಮಾನ ಕೊಡಲಾಯಿತು. ಇದೇ ಮಾದರಿಯನ್ನು ದೇಶದ ಬೇರೆ ಭಾಗಗಳಿಗೆ ಒಯ್ಯಲು 2007ರಲ್ಲಿ ನ್ಯಾಷನಲ್ ಮ್ಯಾಥ್ ಅಂಡ್ ಸೈನ್ಸ್ ಇನಿಷಿಯೇಟಿವ್ ಹುಟ್ಟಿತು. ಇದರ ಮುಖ್ಯ ದಾನಿ ಎಕ್ಸಾನ್‌ಮೊಬಿಲ್. ಕಾರ್ಲ್‌ಟನ್ ಕಾಲೇಜು, ರೈಸ್ ವಿಶ್ವವಿದ್ಯಾಲಯ, ಕನೆಕ್ಟಿಕಟ್‌ನ ಟಾಫ್ಟ್ ಶಾಲೆ ಮೊದಲಾದವು ಬೇಸಿಗೆ ಕಮ್ಮಟಗಳಿಗೆ ಹೆಸರಾದವು.

ಪಠ್ಯ ಬದಲಾವಣೆ ಮತ್ತು ತರಬೇತಿ

ಪರೀಕ್ಷೆಯ ಸ್ವರೂಪ ಬದಲಾದಾಗಲೆಲ್ಲ ಅಧ್ಯಾಪಕರು ಮೊದಲು ಕಲಿಯಬೇಕಾಯಿತು. 1973ರಲ್ಲಿ ಅಮೆರಿಕದ ಇತಿಹಾಸದ ಪರೀಕ್ಷೆಗೆ ದಾಖಲೆ ಆಧಾರಿತ ಪ್ರಶ್ನೆ ಬಂತು. ನೆನಪಿನಿಂದ ಬರೆಯುವ ಉತ್ತರದ ಬದಲು, ಎದುರಿಗಿಟ್ಟ ಪತ್ರ, ಭಾಷಣ, ವ್ಯಂಗ್ಯಚಿತ್ರ ಮುಂತಾದ ದಾಖಲೆಗಳನ್ನು ಓದಿ ವಾದ ಕಟ್ಟುವ ಪ್ರಶ್ನೆ ಇದು. ಕ್ಯಾಲ್ಕುಲಸ್ ಪರೀಕ್ಷೆಗೆ 1995ರಿಂದ ನಕ್ಷೆ ಬಿಡಿಸುವ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕಡ್ಡಾಯವಾಯಿತು. ಕಾಗದ ಪೆನ್ಸಿಲಿನಲ್ಲೇ ಪಾಠ ಹೇಳಿಕೊಂಡು ಬಂದಿದ್ದ ಅಧ್ಯಾಪಕರಿಗಾಗಿ ದಕ್ಷಿಣ ಕೆರೊಲೈನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ಕಮ್ಮಟಗಳು ನಡೆದವು. ಕಂಪ್ಯೂಟರ್ ವಿಜ್ಞಾನದವರ ಪಾಡು ಇನ್ನೂ ಕಠಿಣ. 1984ರಲ್ಲಿ ಪಾಸ್ಕಲ್ ಭಾಷೆಯೊಂದಿಗೆ ಆರಂಭವಾದ ಆ ಪರೀಕ್ಷೆ 1999ರಲ್ಲಿ ಸಿ++ಗೆ, 2004ರಲ್ಲಿ ಜಾವಾಗೆ ಹೊರಳಿತು. ಇಪ್ಪತ್ತು ವರ್ಷ ಅದೇ ವಿಷಯ ಬೋಧಿಸಿದವರು ಮೂರು ಭಾಷೆ ಕಲಿತಂತಾಯಿತು.

2012–13ರಿಂದ ಜೀವಶಾಸ್ತ್ರ, ನಂತರದ ವರ್ಷಗಳಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರ, ಅಮೆರಿಕದ ಇತಿಹಾಸದ ಪಠ್ಯಗಳನ್ನು ಪುನಾರಚಿಸಲಾಯಿತು. ಜೀವಶಾಸ್ತ್ರದಲ್ಲಿ ಹಂತಹಂತವಾಗಿ ಹೇಳಿಕೊಟ್ಟಂತೆ ಮಾಡುತ್ತಿದ್ದ 12 ಪ್ರಯೋಗಗಳ ಕೈಪಿಡಿ ಹೋಗಿ, ವಿದ್ಯಾರ್ಥಿಯೇ ಪ್ರಶ್ನೆ ಹಾಕಿಕೊಂಡು ಪ್ರಯೋಗ ರೂಪಿಸುವ 13 ಅನ್ವೇಷಣೆಗಳು ಬಂದವು. ಕಮ್ಮಟಗಳಲ್ಲಿ ಅಧ್ಯಾಪಕರು ವಿದ್ಯಾರ್ಥಿಗಳ ಜಾಗದಲ್ಲಿ ನಿಂತು ಈ ಅನ್ವೇಷಣೆಗಳನ್ನು ಮಾಡಿ ನೋಡಿದರು.

ಕಮ್ಮಟದ ಸ್ವರೂಪ

ಕಮ್ಮಟಕ್ಕೆ ಬರುವವರಲ್ಲಿ ಮುಂದಿನ ತಿಂಗಳು ಮೊದಲ ಬಾರಿಗೆ ಎಪಿ ತರಗತಿಗೆ ಹೋಗಲಿರುವವರೂ ವರ್ಷಗಳಿಂದ ಬೋಧಿಸುತ್ತಿರುವವರೂ ಇರುತ್ತಾರೆ. ಬೋಧಕರು ಬಹುಮಟ್ಟಿಗೆ ಅನುಭವಿ ಎಪಿ ಅಧ್ಯಾಪಕರು ಅಥವಾ ಕಾಲೇಜು ಪ್ರಾಧ್ಯಾಪಕರು. ಪಠ್ಯಕ್ರಮದ ಪರಿಚಯ, ಪಾಠ ಯೋಜನೆ, ವೇಳಾಪಟ್ಟಿ, ಪ್ರಶ್ನೆ ರಚನೆ, ಉತ್ತರ ತಿದ್ದುವಿಕೆ ಇದರ ಮುಖ್ಯ ಅಂಗಗಳು. ವೇಳಾಪಟ್ಟಿಯ ಚರ್ಚೆಗೆ ಕಾರಣವಿದೆ. ದಕ್ಷಿಣದ ಹಲವು ರಾಜ್ಯಗಳಲ್ಲಿ ಶಾಲೆ ಆಗಸ್ಟ್‌ನಲ್ಲೇ ತೆರೆಯುತ್ತದೆ, ಈಶಾನ್ಯದ ಹಲವೆಡೆ ಸೆಪ್ಟೆಂಬರ್‌ನಲ್ಲಿ. ಪರೀಕ್ಷೆ ಮಾತ್ರ ಎಲ್ಲರಿಗೂ ಮೇ ತಿಂಗಳಲ್ಲೇ.

ಅಧ್ಯಾಪಕರು ಹೆಚ್ಚು ಹುರುಪಿನಿಂದ ಸೇರುವುದು ತಿದ್ದುವ ಅಭ್ಯಾಸಕ್ಕೆ. ಇತಿಹಾಸದ ಕಮ್ಮಟದಲ್ಲಿ ಹಿಂದಿನ ವರ್ಷದ ವಿದ್ಯಾರ್ಥಿಗಳ ಉತ್ತರಗಳ ಪ್ರತಿ ಎಲ್ಲರಿಗೂ ಸಿಗುತ್ತದೆ. ದಾಖಲೆ ಆಧಾರಿತ ಪ್ರಶ್ನೆಗೆ ಈಗ 7 ಅಂಕ: ಸ್ಪಷ್ಟ ನಿಲುವಿಗೆ 1, ಕಾಲಸಂದರ್ಭದ ವಿವರಣೆಗೆ 1, ಆಧಾರಗಳಿಗೆ 3, ವಿಶ್ಲೇಷಣೆಗೆ 2. ಪ್ರತಿಯೊಬ್ಬರೂ ತಾವೇ ಅಂಕ ಹಾಕಿ ಪಕ್ಕದವರ ಅಂಕದೊಂದಿಗೆ ಹೋಲಿಸುತ್ತಾರೆ. ಮೊದಲ ವಾಕ್ಯ ಪ್ರಶ್ನೆಯನ್ನೇ ತಿರುಗಿಸಿ ಬರೆದದ್ದೋ ನಿಜವಾದ ನಿಲುವೋ, ದಾಖಲೆಯನ್ನು ಬರೀ ಉಲ್ಲೇಖಿಸಿದ್ದಾರೋ ವಾದಕ್ಕೆ ದುಡಿಸಿಕೊಂಡಿದ್ದಾರೋ ಎಂದು ವಾಗ್ವಾದ ನಡೆಯುತ್ತದೆ. ಕೊನೆಗೆ ಬೋಧಕರು ಅಧಿಕೃತ ಅಂಕವನ್ನೂ ಅದರ ಸಮರ್ಥನೆಯನ್ನೂ ಮುಂದಿಡುತ್ತಾರೆ. ಚೆಂದದ ಭಾಷೆಗೆ ಅಂಕ ಕೊಟ್ಟು ಅಭ್ಯಾಸವಾದವರು ಇಲ್ಲಿ ಕೈ ಬಿಗಿ ಮಾಡುವುದನ್ನು ಕಲಿಯುತ್ತಾರೆ.

ವಿಮರ್ಶೆ

2002ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಹೈಸ್ಕೂಲಿನ ಉನ್ನತ ಗಣಿತ, ವಿಜ್ಞಾನ ಬೋಧನೆಯ ಬಗ್ಗೆ ವರದಿ ಪ್ರಕಟಿಸಿತು. ಎಪಿ ವಿಜ್ಞಾನ ವಿಷಯಗಳಲ್ಲಿ ಹರವು ಹೆಚ್ಚು, ಆಳ ಕಡಿಮೆ ಎಂದ ಆ ವರದಿ ಅಧ್ಯಾಪಕರ ನಿರಂತರ ತರಬೇತಿಗೆ ಒತ್ತು ಕೊಟ್ಟಿತು. ಒಂದು ವಾರದ ಕಮ್ಮಟದಿಂದ ವಿಷಯಜ್ಞಾನದ ಕೊರತೆ ನೀಗುವುದಿಲ್ಲ, ವರ್ಷವಿಡೀ ಕೇಳಲು ಜೊತೆಗಾರರು ಬೇಕು ಎಂಬುದು ವಿಮರ್ಶಕರ ವಾದ. ಶುಲ್ಕ, ಪ್ರಯಾಣ, ವಸತಿಯ ವೆಚ್ಚ ಭರಿಸಲಾಗದ ಹಳ್ಳಿಯ ಮತ್ತು ಬಡ ಜಿಲ್ಲೆಗಳ ಅಧ್ಯಾಪಕರು ಹಿಂದುಳಿಯುತ್ತಾರೆ ಎಂಬ ದೂರೂ ಇದೆ. ಇದಕ್ಕೆ ಪರಿಹಾರವಾಗಿ ಕಾಲೇಜ್ ಬೋರ್ಡ್ ಹಾಗೂ ಕೆಲವು ರಾಜ್ಯಗಳು ಸಹಾಯಧನ ನೀಡುತ್ತವೆ. ತರಬೇತಿಯ ಗುರಿ ವಿಷಯವೋ ಪರೀಕ್ಷೆಯೋ ಎಂಬ ಚರ್ಚೆಯೂ ಮುಗಿದಿಲ್ಲ.

ಭಾರತದೊಂದಿಗೆ ನಂಟು

ಅಮೆರಿಕದ ಬೇಸಿಗೆ ಸಂಸ್ಥೆಗಳ ಮಾದರಿ 1960ರ ದಶಕದಲ್ಲಿ ಭಾರತಕ್ಕೂ ಬಂತು. ಯುಎಸ್‌ಏಡ್ ನೆರವಿನೊಂದಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಮತ್ತು ಎನ್‌ಸಿಇಆರ್‌ಟಿ ಸೇರಿ ವಿಜ್ಞಾನ, ಗಣಿತದ ಅಧ್ಯಾಪಕರಿಗೆ ಬೇಸಿಗೆ ಸಂಸ್ಥೆಗಳನ್ನು ನಡೆಸಿದವು. ಅಮೆರಿಕದ ತಜ್ಞರೂ ಇವುಗಳಲ್ಲಿ ಪಾಠ ಹೇಳಿದರು. ಈಗ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ವಿಕಾಸ ಕೇಂದ್ರ ವಿಜ್ಞಾನದ ಅಧ್ಯಾಪಕರಿಗೆ ವಸತಿ ಸಹಿತ ತರಬೇತಿ ನೀಡುತ್ತದೆ. ಅದಕ್ಕೂ ಎಪಿಗೂ ಸಂಬಂಧವಿಲ್ಲ, ಆದರೆ ಅಧ್ಯಾಪಕರೇ ಪ್ರಯೋಗ ಮಾಡಿ ಕಲಿಯುವ ಕ್ರಮ ಒಂದೇ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಅನೇಕ ಮಕ್ಕಳು ಎಪಿ ಓದುತ್ತಾರೆ. ಆದರೆ ಎಪಿ ಭಾಷಾ ಪರೀಕ್ಷೆಗಳಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಲ್ಯಾಟಿನ್, ಚೀನಿ, ಜಪಾನಿ ಇದ್ದರೂ ಭಾರತದ ಭಾಷೆ ಒಂದೂ ಇಲ್ಲ.

ಇತ್ತೀಚಿನ ಸ್ಥಿತಿ

2007–08ರ ಶೈಕ್ಷಣಿಕ ವರ್ಷದಿಂದ, ಎಪಿ ಎಂಬ ಹೆಸರು ಬಳಸಲು ಪ್ರತಿ ಅಧ್ಯಾಪಕರೂ ತಮ್ಮ ಪಾಠಯೋಜನೆಯನ್ನು ಕಾಲೇಜ್ ಬೋರ್ಡ್‌ನ ಪರಿಶೀಲನೆಗೆ ಒಪ್ಪಿಸಬೇಕಾಯಿತು. ಇದನ್ನು ಸಿದ್ಧಪಡಿಸುವುದು ಹೇಗೆಂಬುದೂ ಕಮ್ಮಟದ ಪಾಠವಾಯಿತು. 2020ರಲ್ಲಿ ಕೋವಿಡ್‌ನಿಂದಾಗಿ ಕಮ್ಮಟಗಳು ಆನ್‌ಲೈನ್‌ಗೆ ಸರಿದವು. ಈಗ ಮುಖಾಮುಖಿ ಮತ್ತು ಆನ್‌ಲೈನ್ ಎರಡೂ ಬಗೆ ಉಂಟು. 1,229 ವಿದ್ಯಾರ್ಥಿಗಳಿಂದ ಶುರುವಾದ ಕಾರ್ಯಕ್ರಮದಲ್ಲಿ ಇಂದು ವರ್ಷಕ್ಕೆ 25 ಲಕ್ಷಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆಯುತ್ತಾರೆ. ಆದರೂ ಹೆಚ್ಚಿನ ವಿಷಯಗಳಿಗೆ ಬೇಸಿಗೆ ತರಬೇತಿಯನ್ನು ಕಾಲೇಜ್ ಬೋರ್ಡ್ ಶಿಫಾರಸು ಮಾಡುತ್ತದೆಯೇ ಹೊರತು ಕಡ್ಡಾಯ ಮಾಡಿಲ್ಲ. 2014–15ರಲ್ಲಿ ಆರಂಭವಾದ, ಸಂಶೋಧನೆಗೆ ಒತ್ತು ಕೊಡುವ ಕ್ಯಾಪ್‌ಸ್ಟೋನ್ ವಿಷಯಗಳಿಗೆ ಮಾತ್ರ ತರಬೇತಿ ಪಡೆಯದೆ ತರಗತಿ ತೆಗೆದುಕೊಳ್ಳುವಂತಿಲ್ಲ. ಉಳಿದ ವಿಷಯಗಳಲ್ಲಿ ಈ ನಿರ್ಧಾರ ರಾಜ್ಯ, ಜಿಲ್ಲೆ ಅಥವಾ ಶಾಲೆಗೆ ಬಿಟ್ಟದ್ದು.