ಚಿತ್ರ ಒಂದು, ಧ್ವನಿ ಹಲವು: ಮುಂಬಯಿಯಲ್ಲಿ ಕನ್ನಡ ಕಲಿತ ಬೋಧನಚಿತ್ರಗಳು

ಮುಂಬಯಿ ಕನ್ನಡಿಗರ ಇತಿಹಾಸವನ್ನು ಬರೆಯಹೊರಟವರು ರಾತ್ರಿ ಶಾಲೆಗಳನ್ನೂ ಸಂಘಗಳನ್ನೂ ನಾಟಕ ಯಕ್ಷಗಾನಗಳನ್ನೂ ಪತ್ರಿಕೆಗಳನ್ನೂ ಕುರಿತು ವಿಸ್ತಾರವಾಗಿ ಹೇಳುವುದು ವಾಡಿಕೆ. ಅದು ಯುಕ್ತವೂ ಆಗಿದೆ. ಆದರೆ ಈ ನಗರದಲ್ಲಿ ಹುಟ್ಟಿ, ಇಲ್ಲಿಯವರ ಕಿವಿಗೆ ಹೆಚ್ಚಾಗಿ ಬೀಳದೆ, ನೂರಾರು ಮೈಲಿಗಳ ಆಚೆಯ ಊರುಗಳಲ್ಲಿ ಕೇಳಿಬಂದ ಇನ್ನೊಂದು ಕನ್ನಡವುಂಟು. ಬೋಧನೆಗಾಗಿ ತೆಗೆದ ಕಿರುಚಿತ್ರಗಳ ಹಿಂದೆ ನಿಂತು ಮಾತನಾಡಿದ ಕನ್ನಡ ಅದು. ಅದರ ಚರಿತ್ರೆಯನ್ನು ಯಾರೂ ಒಂದೆಡೆ ಸೇರಿಸಿದಂತೆ ಕಾಣದು. ಪ್ರಕೃತ ಲೇಖನ ಆ ದಿಕ್ಕಿನಲ್ಲಿ ಒಂದು ಅಲ್ಪ ಪ್ರಯತ್ನ.

1948ರಲ್ಲಿ ಭಾರತ ಸರಕಾರವು ಫಿಲ್ಮ್ಸ್ ಡಿವಿಜನ್ ಎಂಬ ಸಂಸ್ಥೆಯನ್ನು ಮುಂಬಯಿಯಲ್ಲಿ ಸ್ಥಾಪಿಸಿತು. ಪೆಡ್ಡರ್ ರಸ್ತೆಯ ಅದರ ಕಚೇರಿಯಿಂದ ಹೊರಟ ವಾರ್ತಾಚಿತ್ರಗಳನ್ನೂ ಸಾಕ್ಷ್ಯಚಿತ್ರಗಳನ್ನೂ ದೇಶದ ಚಿತ್ರಮಂದಿರಗಳು ಕಥಾಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸಬೇಕಾಗಿತ್ತು. ಚಿತ್ರ ಒಂದೇ, ವ್ಯಾಖ್ಯಾನ ಮಾತ್ರ ಹಲವು ಭಾಷೆಗಳಲ್ಲಿ. ಕನ್ನಡವೂ ಅವುಗಳಲ್ಲಿ ಒಂದು. ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತದೆ. ಬಹುಪಾಲು ವಿಷಯಗಳನ್ನು ಒಂದೆರಡು ರೀಲುಗಳಲ್ಲಿಯೇ ಮುಗಿಸಬೇಕಿತ್ತು. ಧಾರವಾಡದ ಟೆಂಟಿನಲ್ಲಿ ಕುಳಿತವನಿಗೆ ಅಣೆಕಟ್ಟಿನ ವಿಚಾರವನ್ನು ಹೇಳಿದ ಆ ಧ್ವನಿ ಮುಂಬಯಿಯಲ್ಲಿ ಮುದ್ರಿತವಾದದ್ದೆಂದು ಅವನಿಗೆ ಹೇಗೆ ತಿಳಿಯಬೇಕು? 2022ರಲ್ಲಿ ಈ ಸಂಸ್ಥೆಯನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಳಿಸಲಾಯಿತು.

ಎರಡನೆಯ ಅಧ್ಯಾಯ ಇದಕ್ಕಿಂತ ಸ್ವಾರಸ್ಯವಾದುದು. ವಿಕ್ರಮ್ ಸಾರಾಭಾಯಿಯವರ ಉತ್ಸಾಹದಿಂದ 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಂದು ಒಪ್ಪಂದವಾಯಿತು. ಅದರಂತೆ ಎಟಿಎಸ್-6 ಎಂಬ ಅಮೆರಿಕದ ಉಪಗ್ರಹವನ್ನು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತಕ್ಕೆ ಎರವಲಾಗಿ ಕೊಟ್ಟರು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ, ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಬಟ್ಟಲಿನಂಥ ಆಂಟೆನಾಗಳನ್ನು ನಿಲ್ಲಿಸಿ ದೂರದರ್ಶನವನ್ನು ತೋರಿಸಲಾಯಿತು. ಈ ಪ್ರಯೋಗಕ್ಕೆ ‘ಸೈಟ್’ ಎಂದು ಹೆಸರು. ಸಾರಾಭಾಯಿಯವರು ಇದನ್ನು ನೋಡಲು ಉಳಿಯಲಿಲ್ಲ. 1971ರ ಡಿಸೆಂಬರಿನಲ್ಲಿಯೇ ತೀರಿಕೊಂಡಿದ್ದರು. ಕರ್ನಾಟಕದ ಪಾಲಿನ ಹಳ್ಳಿಗಳು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಸೇರಿದವು.

ಬೆಳಿಗ್ಗೆ ಶಾಲೆಯ ಮಕ್ಕಳಿಗಾಗಿ ಒಂದೂವರೆ ಗಂಟೆಯ ಪ್ರಸಾರ. ಅದನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ಈ ನಾಲ್ಕಕ್ಕೂ ಸಮನಾಗಿ ಹಂಚಿದಾಗ ಕನ್ನಡದ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಸಾಯಂಕಾಲ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಗಳ ವಿಚಾರ. ಒಂದು ಚಿತ್ರದೊಡನೆ ಎರಡು ಬೇರೆ ಬೇರೆ ಧ್ವನಿಗಳನ್ನು ಕಳುಹಿಸುವ ಏರ್ಪಾಡೂ ಆ ಉಪಗ್ರಹದಲ್ಲಿತ್ತು.

ಈ ಕನ್ನಡ ಎಲ್ಲಿ ಸಿದ್ಧವಾಗುತ್ತಿತ್ತು? ಬೆಂಗಳೂರಿನಲ್ಲಿ ಆಗ ದೂರದರ್ಶನ ಕೇಂದ್ರವೇ ಇರಲಿಲ್ಲ. ಅದು ಬಂದದ್ದು 1981ರಲ್ಲಿ. ಕನ್ನಡದ ಕಾರ್ಯಕ್ರಮಗಳನ್ನು ತೆಲುಗಿನವುಗಳ ಜೊತೆಗೆ ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ ತಯಾರಿಸಿದರು. ಮಕ್ಕಳ ವಿಜ್ಞಾನದ ಕಾರ್ಯಕ್ರಮಗಳನ್ನಾದರೋ ಇಸ್ರೋ ಸಂಸ್ಥೆಯು ಮುಂಬಯಿಯಲ್ಲಿದ್ದ ತನ್ನ ಸ್ಟುಡಿಯೋದಲ್ಲಿ ಮಾಡಿಸಿತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಆಗಿನ ನಿರ್ದೇಶಕ ಯಶ್ ಪಾಲ್ ಅವರು ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಹೋದವರು. ಪ್ರಯೋಗದ ವ್ಯವಸ್ಥಾಪಕರಾಗಿದ್ದವರು ಇ. ವಿ. ಚಿಟ್ನಿಸ್. ವಿಜ್ಞಾನದ ಪಾಠವನ್ನು ವಿಜ್ಞಾನಿಗಳ ಸಮೀಪದಲ್ಲಿಯೇ ಮಾಡಬೇಕೆಂಬ ವಿಚಾರ ಇದರ ಹಿಂದೆ ಇದ್ದಿರಬೇಕೆಂದು ನನ್ನ ಊಹೆ.

ಇಲ್ಲಿ ವಾಚಕರು ಭೂಪಟವನ್ನೊಮ್ಮೆ ನೆನೆಯಬೇಕು. 1956ರವರೆಗೆ ಬಿಜಾಪುರವು ಮುಂಬಯಿ ರಾಜ್ಯದಲ್ಲಿಯೂ, ಗುಲ್ಬರ್ಗಾ ರಾಯಚೂರುಗಳು ಹೈದರಾಬಾದ್ ರಾಜ್ಯದಲ್ಲಿಯೂ ಇದ್ದವು. ಏಕೀಕರಣವಾಗಿ ಹತ್ತೊಂಬತ್ತು ವರುಷಗಳು ಕಳೆದ ಮೇಲೆ ಈ ಮೂರು ಜಿಲ್ಲೆಗಳಿಗೆ ದೂರದರ್ಶನದ ಕನ್ನಡ ಮೊದಲ ಸಲ ತಲುಪಿದಾಗ, ಅದು ಹೊರಟದ್ದು ಹಳೆಯ ಆ ಎರಡು ರಾಜಧಾನಿಗಳಿಂದಲೇ! ಯಾರೂ ಬೇಕೆಂದು ಮಾಡಿದ್ದಲ್ಲ. ಯಂತ್ರಗಳೂ ಕುಶಲ ಜನರೂ ಎಲ್ಲಿದ್ದರೋ ಅಲ್ಲಿ ಕೆಲಸ ನಡೆಯಿತು. ಆದರೂ ರಾಜ್ಯದ ಗಡಿಯನ್ನು ಬದಲಿಸಿದಷ್ಟು ಬೇಗನೆ ವಿದ್ಯೆಯ ದಾರಿಗಳು ಬದಲಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ವರುಷ ತುಂಬಿದೊಡನೆ ಉಪಗ್ರಹವನ್ನು ಹಿಂದಕ್ಕೆ ಕೊಂಡೊಯ್ದರು. ಬ್ಯಾಂಕಿನಲ್ಲಿ ದುಡಿಯುವ ನನಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಕೈಗಡ ತಂದುದನ್ನು ವಾಯಿದೆಗೆ ಸರಿಯಾಗಿ ಹಿಂತಿರುಗಿಸಲೇಬೇಕು. 1977ರಲ್ಲಿ ಗುಲ್ಬರ್ಗಾದಲ್ಲಿ ಭೂಮಿಯ ಮೇಲಿನ ಪ್ರಸಾರ ಕೇಂದ್ರವೊಂದು ಆರಂಭವಾಗಿ ಕೆಲವು ಹಳ್ಳಿಗಳಿಗಾದರೂ ಪ್ರಸಾರವು ಮುಂದುವರಿಯಿತು. ಅನಂತರದ ಕತೆ ಬೇರೆಡೆಯದು: 2004ರಲ್ಲಿ ಮೇಲೇರಿದ ಎಜುಸ್ಯಾಟ್ ಉಪಗ್ರಹ, ಅದರ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಮುಟ್ಟಿದ ಪಾಠಗಳು, 2020ರ ಸಾಂಕ್ರಾಮಿಕದ ದಿನಗಳಲ್ಲಿ ಚಂದನ ವಾಹಿನಿಯು ಪ್ರಸಾರ ಮಾಡಿದ ತರಗತಿಗಳು. ಅವುಗಳನ್ನು ಇಲ್ಲಿ ಬೆಳೆಸುವುದಿಲ್ಲ.

ಮುಂಬಯಿಗೆ ಮರಳೋಣ. 2009ರ ಸುಮಾರಿಗೆ ಪೊವಾಯಿಯ ಐಐಟಿಯಲ್ಲಿ ರಸಾಯನ ಎಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಯೋಜನೆ ಕೇಂದ್ರ ಸರಕಾರದ ಧನಸಹಾಯದಿಂದ ಮೊದಲಾಯಿತು. ಗಣಕಯಂತ್ರದ ಪರದೆಯ ಮೇಲೆ ನಡೆಯುವುದನ್ನೇ ಚಿತ್ರೀಕರಿಸಿ, ಅದರೊಡನೆ ವಿವರಣೆಯನ್ನು ಓದಿ ಮುದ್ರಿಸಿದ ಸುಮಾರು ಹತ್ತು ನಿಮಿಷಗಳ ಪಾಠಗಳು ಇವು. ಲಿನಕ್ಸ್, ಲಿಬ್ರೆ ಆಫೀಸ್, ಪೈಥಾನ್, ಸೈಲ್ಯಾಬ್, ಅಂತರ್ಜಾಲವನ್ನು ನೋಡುವ ಫೈರ್‌ಫಾಕ್ಸ್ ಮೊದಲಾದ, ಹಣ ಕೊಡದೆ ಯಾರಾದರೂ ಬಳಸಬಹುದಾದ ತಂತ್ರಾಂಶಗಳೇ ಅವುಗಳ ವಿಷಯ. ಗುರುವಿಲ್ಲದೆ ಕಲಿಯುವವನಿಗೆಂದೇ ಇವುಗಳ ರಚನೆ: ಪರದೆಯ ಒಂದು ಪಕ್ಕದಲ್ಲಿ ಪಾಠ, ಇನ್ನೊಂದು ಪಕ್ಕದಲ್ಲಿ ತಂತ್ರಾಂಶ, ನೋಡಿದಷ್ಟನ್ನು ನಿಲ್ಲಿಸಿ ತಾನೇ ಮಾಡಬೇಕು. ಲಿಪಿಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು, ವಿಷಯವನ್ನರಿಯದ ಒಬ್ಬರಿಂದ ಪರೀಕ್ಷಿಸಿ, ಅನಂತರ ಭಾರತೀಯ ಭಾಷೆಗಳಿಗೆ ಧ್ವನಿಯನ್ನು ಮಾತ್ರ ಬದಲಿಸುತ್ತಾರೆ. ಪರದೆಯ ಮೇಲಿನ ಅಕ್ಷರಗಳು ಇಂಗ್ಲಿಷಿನವೇ ಆಗಿ ಉಳಿಯುತ್ತವೆ. ಪೆಡ್ಡರ್ ರಸ್ತೆಯ ಹಳೆಯ ಸೂತ್ರವೇ ಇದು.

ಕನ್ನಡದ ಲಿಪಿಗಳನ್ನು ತೆರೆದು ನೋಡಿದರೆ ಎರಡು ಅಂಕಣಗಳು ಕಾಣುತ್ತವೆ: ಒಂದರಲ್ಲಿ ಸಮಯ, ಇನ್ನೊಂದರಲ್ಲಿ ನಿರೂಪಣೆ. ಕಷ್ಟವೆಲ್ಲ ಆ ಮೊದಲ ಅಂಕಣದಲ್ಲಿದೆ. 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ನಡೆಸಿದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಹೊಸ ಶಬ್ದವೊಂದನ್ನು ಹುಡುಕಲು ದಿನಗಟ್ಟಲೆ ಯೋಚಿಸಬಹುದಾಗಿತ್ತು. ಬೇಕಾದರೆ ಒಂದು ವಾಕ್ಯದ ವಿವರಣೆಯನ್ನೂ ಸೇರಿಸಬಹುದಾಗಿತ್ತು. ಇಲ್ಲಿ ಅದಕ್ಕೆ ಅವಕಾಶವಿಲ್ಲ. ಇಂಗ್ಲಿಷಿನವನು ಏಳು ಸೆಕೆಂಡಿನಲ್ಲಿ ಹೇಳಿದುದನ್ನು ಕನ್ನಡದವರೂ ಏಳರಲ್ಲಿಯೇ ಮುಗಿಸಬೇಕು. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು, ವಸ್ತು ಆಮೇಲೆ. ನಮ್ಮಲ್ಲಿ ವಸ್ತು ಮೊದಲು, ಕ್ರಿಯೆ ಕೊನೆಗೆ. ‘ಫೈಲ್ ಮೆನುವಿನಲ್ಲಿರುವ ಸೇವ್ ಎಂಬುದರ ಮೇಲೆ’ ಎಂದು ಹೇಳುತ್ತಿರುವಷ್ಟರಲ್ಲಿಯೇ ಪರದೆಯ ಬಾಣ ಅದನ್ನು ಒತ್ತಿ ಮುಂದಕ್ಕೆ ಹೋಗಿರಬಹುದು. ‘ಕ್ಲಿಕ್ ಮಾಡಿ’ ಎಂಬ ಮಾತು ಕೆಲಸ ಮುಗಿದ ಮೇಲೆ ಕೇಳಿಸೀತು. ಆದುದರಿಂದ ವಾಕ್ಯವನ್ನು ಒಡೆಯಬೇಕು, ಚಿಕ್ಕದು ಮಾಡಬೇಕು. ‘ಉಳಿಸು’ ಎಂಬ ಅಚ್ಚಗನ್ನಡ ನಾಲಗೆಯ ಮೇಲಿದ್ದರೂ, ಪರದೆಯ ಮೇಲೆ ‘ಸೇವ್’ ಎಂದಿರುವಾಗ ಅದನ್ನೇ ಉಚ್ಚರಿಸಬೇಕು. ಇಲ್ಲವಾದರೆ ಕಲಿಯುವವನು ಇಲ್ಲದ ಗುಂಡಿಯನ್ನು ಹುಡುಕುತ್ತಾನೆ. ಇದನ್ನು ಭಾಷೆಯ ಬಡತನವೆಂದು ನಮ್ಮ ಮಿತ್ರರು ಕೆಲವರು ದೂರುವರು. ನನ್ನ ಅಭಿಪ್ರಾಯ ಹಾಗಲ್ಲ. ನಾಮಪದಗಳನ್ನು ಬಿಟ್ಟುಕೊಟ್ಟರೂ ಕಾರಕ, ಕ್ರಿಯೆ, ವಾಕ್ಯದ ನಡೆಗಳನ್ನು ಉಳಿಸಿಕೊಂಡ ಕನ್ನಡ ಅದು. ಹೋಟೆಲಿನಲ್ಲಿಯೂ ಕೌಂಟರಿನಲ್ಲಿಯೂ ನಾವು ದಿನವೂ ಆಡುವುದು ಅದನ್ನೇ.

ಕಳೆದ ವರುಷ ಕೆಲವು ಭಾನುವಾರಗಳಲ್ಲಿ, ಉಪನಗರದ ಕೋಣೆಯೊಂದರಲ್ಲಿ, ಹಗಲು ದುಡಿದು ಸಂಜೆ ಓದುವ ನಾಲ್ಕಾರು ಕನ್ನಡದ ಹುಡುಗರಿಗೆ ಲೆಕ್ಕದ ಹಾಳೆಯ ಪಾಠಗಳನ್ನು ತೋರಿಸಿದೆನು. ನಮ್ಮ ಯಂತ್ರದಲ್ಲಿದ್ದ ತಂತ್ರಾಂಶ ಪಾಠಕ್ಕಿಂತ ಹೊಸದು; ಧ್ವನಿ ಹೇಳಿದ ಜಾಗದಲ್ಲಿ ಒಂದು ಗುಂಡಿ ಇರಲಿಲ್ಲ. ನಾನು ಎದ್ದು ತೋರಿಸುವಷ್ಟರಲ್ಲಿ ಅವರಲ್ಲಿ ಕಿರಿಯವನು ಬೇರೆ ಮೆನುವಿನಲ್ಲಿ ಅದನ್ನು ಕಂಡುಹಿಡಿದು, ‘ಸರ್, ಇಲ್ಲಿಗೆ ಬಂದಿದೆ’ ಎಂದನು. ಆಮೇಲೆ ಪಾಠವನ್ನು ಹಿಂದಕ್ಕೆ ತಿರುಗಿಸಿ, ಅದೇ ವಾಕ್ಯವನ್ನು ಮತ್ತೊಮ್ಮೆ ಕೇಳಿ, ‘ಈ ಅಕ್ಕ ಯಾವ ಊರಿನವರು?’ ಎಂದು ವಿಚಾರಿಸಿದನು. ಉತ್ತರ ಹೇಳಲು ನನಗೆ ಗೊತ್ತಿರಲಿಲ್ಲ.