ಖೋಲಿ ನಂಬರು, ಐಪಿ ನಂಬರು

ಚಾಕಣಕ್ಕೆ ಕೆಲಸ ಹುಡುಕಿ ಬರುವ ನಮ್ಮ ಕಡೆಯ ಹುಡುಗರು ಒಂದೇ ಖೋಲಿಯಲ್ಲಿ ಐದಾರು ಜನ ಇರುತ್ತಾರೆ. ಎಲ್ಲರಿಗೂ ಒಂದೇ ವಿಳಾಸ, ಅದೂ ಮಾಲೀಕನ ಕೇರಾಫ್. ಬಂದ ಹೊಸತರಲ್ಲಿ ನಾನೂ ಹೀಗೇ ಇದ್ದವನು. ಅವರ ಜೇಬಿನಲ್ಲಿರುವ ಮೊಬೈಲಿನ ಕಥೆಯೂ ಇದೇ ಅಂದರೆ ನಂಬ್ತೀರಾ?

ಅಂತರ್ಜಾಲಕ್ಕೆ ಸೇರುವ ಯಂತ್ರಕ್ಕೆ ಒಂದು ಐಪಿ ವಿಳಾಸ ಬೇಕು. ಹಳೆಯ ಐಪಿವಿ4 ಪದ್ಧತಿಯಲ್ಲಿ ಇರುವುದು ಒಟ್ಟು ಸುಮಾರು 429 ಕೋಟಿ ವಿಳಾಸ. ಯಾರಿಗೆ ಯಾವ ನಂಬರು ಎಂಬ ಪಟ್ಟಿಯನ್ನು ಮೊದಮೊದಲು ಅಮೆರಿಕದ ಜಾನ್ ಪೋಸ್ಟೆಲ್ ನೋಡಿಕೊಳ್ಳುತ್ತಿದ್ದರು. 1981ರಲ್ಲಿ ಬಂದ ಪದ್ಧತಿಯಂತೆ ಮೂರೇ ಅಳತೆಯ ಪ್ಲಾಟು: 256, 65,536, ಇಲ್ಲವೇ 1.67 ಕೋಟಿ. ಸಾವಿರ ಬೇಕಾದವನಿಗೆ ಎಷ್ಟೋ ಸಲ 65 ಸಾವಿರ ಸಿಕ್ಕಿತು. ಅಮೆರಿಕದ ಎಂಐಟಿ ಒಂದಕ್ಕೇ 1.67 ಕೋಟಿ! ಅಂದ ಹಾಗೆ, ನಮ್ಮ ಚಾಕಣದಲ್ಲಿ 2009ರಲ್ಲಿ ಕಾರ್ಖಾನೆ ತೆರೆದ ಬೆಂಜ್ ಕಾರಿನವರಿದ್ದಾರಲ್ಲ, ಅವರ ಜರ್ಮನಿಯ ಮೂಲ ಕಂಪನಿ ಡೈಮ್ಲರ್ ಹೆಸರಿನಲ್ಲೂ 53ರಿಂದ ಶುರುವಾಗುವ 1.67 ಕೋಟಿ ವಿಳಾಸಗಳ ಪ್ಲಾಟು ದಾಖಲಾಗಿತ್ತು. ಅದು ಹಂಚಿಕೆಯಾದದ್ದು 1993ರಲ್ಲಿ.

ಅದೇ 1993ರಲ್ಲಿ ಎಚ್ಚರವಾಯಿತು. ಬೇಕಾದ ಅಳತೆಗೆ ಕತ್ತರಿಸಿ ಕೊಡುವ ಪದ್ಧತಿ ಬಂತು. 1996ರಲ್ಲಿ ಮೂರು ತತ್ವಗಳನ್ನು ಬರೆದಿಟ್ಟರು. ಒಂದು, ಅಗತ್ಯ ತೋರಿಸಿದವರಿಗೆ ಅಗತ್ಯವಿದ್ದಷ್ಟೇ. ಎರಡು, ದಾರಿ ಹುಡುಕಲು ಸುಲಭವಾಗುವಂತೆ ಹಂಚಿಕೆ: 410501 ಪಿನ್ ಕಂಡರೆ ಟಪಾಲು ಚಾಕಣದ ಚೀಲಕ್ಕೆ ಬೀಳುತ್ತದಲ್ಲ, ಹಾಗೆ. ಮೂರು, ಯಾವುದು ಯಾರದ್ದೆಂಬ ಬಹಿರಂಗ ದಾಖಲೆ.

ತತ್ವಗಳು ಚೆನ್ನಾಗಿವೆ. ಆದರೆ ದೊಡ್ಡ ಪ್ಲಾಟುಗಳು ಆಗಲೇ ಹೋಗಿದ್ದವು. ಭಾರತದಲ್ಲಿ ವಿಎಸ್ಎನ್ಎಲ್ ಜನಸಾಮಾನ್ಯರಿಗೆ ಅಂತರ್ಜಾಲ ಕೊಟ್ಟದ್ದೇ 1995ರ ಆಗಸ್ಟ್ 15ರಂದು. 2011ರ ಫೆಬ್ರವರಿ 3ಕ್ಕೆ ಜಾಗತಿಕ ದಾಸ್ತಾನು ಖಾಲಿ. ಏಷ್ಯಾದ ಹಂಚಿಕೆ ಸಂಸ್ಥೆ ಎಪಿನಿಕ್ ಅದೇ ಏಪ್ರಿಲಿನಿಂದ ಒಬ್ಬ ಸದಸ್ಯನಿಗೆ ಹೆಚ್ಚೆಂದರೆ 1,024 ವಿಳಾಸ ಅಂತ ರೇಷನ್ ಇಟ್ಟಿತು, 2019ರಲ್ಲಿ ಅದನ್ನು 512ಕ್ಕೆ ಇಳಿಸಿತು. 2012ರಲ್ಲಿ ನಮ್ಮಲ್ಲೇ ಐರಿನ್ ಎಂಬ ಹಂಚಿಕೆ ಕಚೇರಿ ಶುರುವಾಯಿತು, ನಿಜ. ಆದರೆ ಕಣಜವೇ ಬರಿದಾದ ಮೇಲೆ ಅಳೆಯುವವನು ಬಂದು ಏನು ಮಾಡ್ತಾನೆ? ಇತ್ತ 2017ರಲ್ಲಿ ಎಂಐಟಿ ತನ್ನ ಪಾಲಿನ ಅರ್ಧದಷ್ಟನ್ನು ಮಾರಾಟಕ್ಕಿಟ್ಟಿತು. ಬಿಟ್ಟಿ ಸಿಕ್ಕ ನಂಬರಿಗೂ ಬೆಲೆ ಬಂದಿತ್ತು.

ಹಾಗಾಗಿ ತಡವಾಗಿ ಬಂದವರಿಗೆ ಉಳಿದದ್ದು ಕೇರಾಫ್. ಮೊಬೈಲ್ ಕಂಪನಿ ಒಂದು ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತದೆ. ಅವರಲ್ಲಿ ಒಬ್ಬ ಕಿತಾಪತಿ ಮಾಡಿ ಆ ವಿಳಾಸಕ್ಕೆ ಬಾಗಿಲು ಮುಚ್ಚಿದರೆ ಉಳಿದವರೂ ಹೊರಗೆ. ಖೋಲಿಯಲ್ಲೂ ಹಾಗೇ ತಾನೆ, ಒಬ್ಬ ಬಾಡಿಗೆ ತಪ್ಪಿಸಿದರೆ ಎಲ್ಲರ ಗಂಟುಮೂಟೆಯೂ ಬೀದಿಗೆ.

ಹೊಸ ಪದ್ಧತಿ ಐಪಿವಿ6ರಲ್ಲಿ ವಿಳಾಸಕ್ಕೆ ಬರವಿಲ್ಲ. 2016ರಲ್ಲಿ ಜಿಯೋ ಬಂದ ಮೇಲೆ ಅದು ನಮ್ಮಲ್ಲಿ ಬೇಗ ಹರಡಿತು. ಹಳೆಯ ಓಣಿಯಲ್ಲಿ ಜಾಗ ಸಿಗದವರೇ ಹೊಸ ಬಡಾವಣೆಗೆ ಮೊದಲು ಹೋಗುವುದು. ಆದರೆ ಆಚೆ ಬದಿಯ ತಾಣ ಇನ್ನೂ ಹಳೆಯ ಓಣಿಯಲ್ಲೇ ಇದ್ದರೆ ಮತ್ತೆ ಕೇರಾಫೇ ಗತಿ.

ಅಗತ್ಯವಿದ್ದಷ್ಟೇ ಕೊಡಬೇಕೆಂಬ ಮಾತು ಒಳ್ಳೆಯದೇ. ಅದನ್ನು ಹಂಚಿಕೆಯ ಮೊದಲ ದಿನವೇ ಹೇಳಬೇಕಿತ್ತು. ಏನಂತೀರಿ?