ಎಣ್ಣಿ, ಮದ್ದು ಮತ್ತು ಅಣು

ನಮ್ಮ ಕಲ್ಲೋಳಿ ಕಡೆ ಬೆಳೆಗೆ ಕೀಟನಾಶಕ ಸಿಂಪಡಿಸೋದಕ್ಕೆ ‘ಎಣ್ಣಿ ಹೊಡಿಯೋದು’ ಅಂತಾರೆ. ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಅದೇ ‘ಮದ್ದು ಬಿಡುವುದು’. ವಿಷವನ್ನ ಒಬ್ಬರು ಎಣ್ಣೆ ಮಾಡಿದರು, ಇನ್ನೊಬ್ಬರು ಔಷಧಿ ಮಾಡಿದರು. ಅಣುವಿಗೆ ಮಾತ್ರ ಯಾರೂ ಇಂಥ ಮುದ್ದಿನ ಹೆಸರಿಟ್ಟಿಲ್ಲ. ಆ ಹೆಸರು ಕೇಳಿದರೇ ಎದೆ ಝಲ್ ಅನ್ನುತ್ತೆ.

ಈ ಭಯದಿಂದ ಉಪಯೋಗವೂ ಆಗಿದೆ. ಉತ್ತರ ಕನ್ನಡದ ಕೈಗಾ ನೋಡಿ. ಸ್ಥಾವರ ಬೇಡ ಅಂತ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತರು. ಸೋತರು, ಆದರೆ ಪ್ರಶ್ನೆ ಮನೆಮನೆಗೂ ಮುಟ್ಟಿತು. 1994ರ ಮೇ 13ರಂದು, ಇಂಧನ ತುಂಬುವ ಮೊದಲೇ, ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟ್ ಕುಸಿಯಿತು. ವಿನ್ಯಾಸ ಬದಲಾಯಿತು, ವಿದ್ಯುತ್ ಉತ್ಪಾದನೆ 2000ದವರೆಗೆ ತಡವಾಯಿತು. 2009ರ ನವೆಂಬರ್‌ನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಸೇರಿದ ಭಾರಜಲ ಬೆರೆತಿತ್ತು. ಯಾರೋ ಬೇಕಂತಲೇ ಮಾಡಿದ ಕೃತ್ಯ ಅಂದರು ಅಧಿಕಾರಿಗಳು. ಅದು ಗೊತ್ತಾಗಿದ್ದು ಹೇಗೆ? ಕೆಲಸಗಾರರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುವ ಪದ್ಧತಿ ಇತ್ತು. 50ಕ್ಕೂ ಹೆಚ್ಚು ಜನರಲ್ಲಿ ಟ್ರಿಟಿಯಂ ಸಿಕ್ಕಿತು. ಹೆಚ್ಚು ನೀರು ಕುಡಿಸಿದರೆ ಅದು ಬೇಗ ಹೊರಹೋಗುತ್ತೆ. ಸಾಮಾನ್ಯವಾಗಿ ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ಕಮ್ಮಿ. ಸುದ್ದಿ ದೇಶವೆಲ್ಲ ಹಬ್ಬಿತು.

ಈಗ ಕಾಸರಗೋಡಿಗೆ ಬನ್ನಿ. ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಿತು. ಗುಡ್ಡದ ನೆಲ. ಮೇಲೆ ತೋಟ, ಕೆಳಗೆ ಮನೆ, ತೋಡು, ಸುರಂಗದ ನೀರು. ಕನ್ನಡ, ತುಳು ಮಾತಾಡುವ ಎಣ್ಮಕಜೆಯ ಪಡ್ರೆಯಲ್ಲಿ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಒಂದೇ ಊರಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆಗಳು ಯಾಕೆ ಅಂತ ಕೇಳತೊಡಗಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ನಮ್ಮ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆಯಲ್ಲೂ ಇದೇ ಕಥೆ. ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಕೊಟ್ಟಿದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಅದೇ ಕೋರ್ಟ್ ಕೇರಳಕ್ಕೆ ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಎಷ್ಟೋ ತಾಯಂದಿರು ಮಕ್ಕಳನ್ನು ಹೊತ್ತುಕೊಂಡೇ ಮುದುಕಿಯರಾಗಿದ್ದರು.

ವ್ಯತ್ಯಾಸ ವಿಷದ ತೀವ್ರತೆಯಲ್ಲಿ ಮಾತ್ರ ಇಲ್ಲ, ಅಳೆಯುವವರು ಯಾರು ಅನ್ನೋದರಲ್ಲೂ ಇದೆ. ವಿಕಿರಣವನ್ನು ಒಂದು ಮೀಟರ್ ಹಿಡಿದು ಅಲ್ಲೇ ಅಳೆಯಬಹುದು. 1983ರಿಂದ ಅದಕ್ಕೊಂದು ನಿಯಂತ್ರಣ ಮಂಡಳಿಯೂ ಇದೆ. ರಾಸಾಯನಿಕಗಳು ಸಾವಿರಾರು, ಒಂದೊಂದಕ್ಕೂ ಬೇರೆ ಪರೀಕ್ಷೆ. ಕೃಷಿ, ಕಾರ್ಖಾನೆ, ಸಾರಿಗೆ, ಮಾಲಿನ್ಯ ಅಂತ ಜವಾಬ್ದಾರಿ ಹತ್ತು ಇಲಾಖೆಗೆ ಹಂಚಿಹೋಗಿದೆ. ಪಡ್ರೆಯವರ ರಕ್ತ ಪರೀಕ್ಷಿಸೋದು ಯಾರ ಕೆಲಸವೂ ಆಗಿರಲಿಲ್ಲ.

ಹಾಗಂತ ಅಣು ವಾಸಿ ಅಂತಲ್ಲ. ಚೆರ್ನೋಬಿಲ್ ಪಕ್ಕದ ಪ್ರಿಪ್ಯತ್ ಊರನ್ನ 1986ರಲ್ಲಿ ಖಾಲಿ ಮಾಡಿಸಿದ್ದೇ ಸುಮಾರು 36 ಗಂಟೆ ತಡವಾಗಿ; ಆ ಜನ ವಾಪಸ್ ಬರಲೇ ಇಲ್ಲ. ಆದರೆ ರಾಸಾಯನಿಕ ಬೇಗ ಕರಗಿಹೋಗುತ್ತೆ ಅನ್ನೋದೂ ಸುಳ್ಳು. ಭೋಪಾಲ್ ಕಾರ್ಖಾನೆಯ 337 ಟನ್ ವಿಷತ್ಯಾಜ್ಯ ಅಲ್ಲಿಂದ ಹೊರಟಿದ್ದು 2025ರ ಜನವರಿಯಲ್ಲಿ, ದುರಂತವಾಗಿ 40 ವರ್ಷಕ್ಕೆ.

ನಿಭಾಯಿಸುವ ಗಡಿಯಾರವೂ ಬೇರೆ. ಅಣು ಅವಘಡದಲ್ಲಿ ಗಂಟೆ, ದಿನಗಳ ಲೆಕ್ಕ: ಒಳಗಿರಿ, ಹೇಳಿದಾಗ ಅಯೋಡಿನ್ ಮಾತ್ರೆ ನುಂಗಿ, ಹಾಲು-ಸೊಪ್ಪಿನ ಮೇಲೆ ನಿಗಾ. ಅನಿಲ ಸೋರಿದರೆ ನಿಮಿಷಗಳ ಲೆಕ್ಕ. ಭೋಪಾಲದಲ್ಲಿ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ ಅಂತ ಆ ರಾತ್ರಿ ಹೇಳಿದ್ದರೂ ಎಷ್ಟೋ ಜೀವ ಉಳಿಯುತ್ತಿತ್ತು.

ಮುಂದಿನ ಸಲ ಪುಣೆಯಿಂದ ಬೆಂಗಳೂರಿಗೆ ಬರುವಾಗ ಸಂಕೇಶ್ವರದ ಹತ್ತಿರ ಟ್ಯಾಂಕರ್ ಸಿಕ್ಕರೆ ಅದರ ಹಿಂದಿನ ಫಲಕ ಓದಿ. ಅಲ್ಲಿ ನಾಲ್ಕು ಅಂಕಿ ಇರುತ್ತೆ. 1005 ಅಂದ್ರೆ ಅಮೋನಿಯಾ, 1017 ಅಂದ್ರೆ ಕ್ಲೋರಿನ್. ಟ್ಯಾಂಕರ್ ಉರುಳಿದರೆ ವಿಡಿಯೊ ಮಾಡೋಕೆ ಹತ್ತಿರ ಹೋಗಬೇಡಿ. ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡಿ, ಆ ಕಡೆಗೇ ದೂರ ಸರಿದು 112ಕ್ಕೆ ಫೋನ್ ಮಾಡಿ, ಆ ನಾಲ್ಕು ಅಂಕಿ ಹೇಳಿ.